ಕಿಸೆ ಹಗುರವಿದ್ದವರ ಪ್ರವಾಸ



ಪ್ರವಾಸವೆಂಬುದು ಉಳ್ಳವರ ವಿಲಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಕ್ಕಳನ್ನು ಕರೆದುಕೊಂಡು ನಾಲ್ಕು ಊರು ನೋಡಿ ಬರೋಣವೆಂದು ಹೊರಟ ಸಂಸಾರಸ್ಥನು ಲೆಕ್ಕದ ಪುಸ್ತಕವನ್ನು ತೆರೆದು, ಒಡನೆಯೇ ಮುಚ್ಚಿಬಿಡುತ್ತಾನೆ. ಕೊಪ್ಪಳ ಸೀಮೆಯವರಾದ ನಾವು ಹಾಗೆ ಮುಚ್ಚಬೇಕಾದ ಅಗತ್ಯವಿಲ್ಲ. ಕನ್ನಡದ ತಿರುಳಿನ ನಾಡನ್ನು ಗುರುತಿಸಲು ‘ಕವಿರಾಜಮಾರ್ಗ’ವು ಹೆಸರಿಸಿದ ನಾಲ್ಕು ಊರುಗಳಲ್ಲಿ ನಮ್ಮ ಕೊಪಣವೂ ಒಂದು.

ಮೊದಲು ಕೊಪ್ಪಳವನ್ನೇ ನೋಡೋಣ. ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1931ರಲ್ಲಿ ಬೆಳಕಿಗೆ ಬಂದ ಅದರ ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಅದು ಹೇಳುವ ಮಾತೊಂದು ಇಂದಿನ ನಮ್ಮ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ: ದೊಡ್ಡವರಿಗೆ ಮಾತ್ರವಲ್ಲ, ಶ್ರದ್ಧೆಯಿಂದ ಪ್ರಯತ್ನಿಸುವ ಸಣ್ಣವರಿಗೂ ಹಿರಿದಾದ ಫಲ ಲಭ್ಯವೆಂದು ಅದರ ಭಾವ. ಪ್ರವಾಸಕ್ಕೂ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಶ್ರದ್ಧೆಯೇ. ಪುಷ್ಯಮಾಸದ ಗವಿಸಿದ್ಧೇಶ್ವರ ಜಾತ್ರೆಗೆ ಬಂದವರಿಗಂತೂ ದಾಸೋಹದ ಊಟದ ಚಿಂತೆಯೂ ಇಲ್ಲ.

ಇನ್ನೊಂದು ದಿನವನ್ನು ಯಲಬುರ್ಗಾದ ಕಡೆಗೆ ಮೀಸಲಿಡಬಹುದು. ಕುಕನೂರಿನಲ್ಲಿ ಬಸ್ಸಿಳಿದು ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯನ್ನು ನೋಡಿ, ಅಲ್ಲಿಂದ ಸಮೀಪದ ಇಟಗಿಗೆ ಹೋಗಬೇಕು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವಾಲಯವನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅದರ ಕಂಬಗಳ ನುಣುಪನ್ನೂ ಕಂಡರಣೆಯ ಕುಸುರಿಯನ್ನೂ ನೋಡಲು ಅವಸರ ಸಲ್ಲದು.

ಬಯಲನ್ನು ಬಯಸುವವರಿಗೆ ಗಂಗಾವತಿಯ ಕಡೆ ಅಂಜನಾದ್ರಿಯಿದೆ. ಐನೂರಕ್ಕೂ ಹೆಚ್ಚು ಮೆಟ್ಟಿಲೇರಿದರೆ ತುಂಗಭದ್ರೆಯೂ ಬಂಡೆಗಳ ನಡುವಣ ಹಸುರು ಗದ್ದೆಗಳೂ ಒಂದೇ ನೋಟಕ್ಕೆ ದೊರೆಯುತ್ತವೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಮೇಲೆ ಬೃಹತ್ ಶಿಲಾ ಸಂಸ್ಕೃತಿಯ ಪರಂಪರೆಯವರು ಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಗಳಿವೆ. ತಟ್ಟಿದರೆ ನಗಾರಿಯಂತೆ ದನಿಗೊಡುವ ದುಂಡು ಬಂಡೆಯೂ ಇದೆ. ಬೆಳಗಿನ ತಂಪಿನಲ್ಲಿ, ಕುಡಿಯುವ ನೀರಿನೊಡನೆ ಹತ್ತುವುದು ಜಾಣತನ. ಮಳೆಗಾಲವಾದರೆ ಕುಷ್ಟಗಿ ತಾಲ್ಲೂಕಿನ ಕಪಿಲತೀರ್ಥದ ಜಲಧಾರೆಯನ್ನು ಮರೆಯಬಾರದು.

ಖರ್ಚಿನ ಮಾತು ಬಹಳವಿಲ್ಲ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸಂಜೆಗೆ ಬಸ್ ನಿಲ್ದಾಣದ ಬಳಿ ಒಗ್ಗರಣಿ-ಮಿರ್ಚಿ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವೂ ಉಳಿಯಿತು. ಮನೆಯ ಹೆಣ್ಣುಮಕ್ಕಳು ಊರು ಕಾಣಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು?

ಆದರೆ ಪುಕ್ಕಟೆಯಾಗಿ ದೊರೆತದ್ದಕ್ಕೆ ಬೆಲೆಯಿಲ್ಲವೆಂಬ ಭಾವನೆ ಅಪಾಯಕಾರಿಯಾದುದು. ನಿಧಿಯಾಸೆಗೆ ಮೊರೇರ ಗುಡ್ಡದ ಚಪ್ಪಡಿಗಳನ್ನು ಉರುಳಿಸಿದವರಿದ್ದಾರೆ. ಹಳೆಯ ಗೋಡೆಗಳ ಮೇಲೆ ಹೆಸರು ಕೆತ್ತುವವರಿದ್ದಾರೆ. ಒಮ್ಮೆ ಮುರಿದ ಚಪ್ಪಡಿಯನ್ನು ಯಾವ ಸರ್ಕಾರವೂ ಮೊದಲಿನಂತೆ ಮಾಡಿಕೊಡಲಾರದು. ಹಣವುಳ್ಳವನು ದೂರದ ಊರುಗಳಿಗೆ ಹೋಗಿ ಬೇರೆಯದನ್ನು ನೋಡಿಯಾನು. ಕೂಲಿಕಾರನ ಮಗುವಿಗೆ ಇರುವ ವಸ್ತುಸಂಗ್ರಹಾಲಯವೇ ಈ ಗುಡ್ಡ, ಈ ಗುಡಿ. ಆದ್ದರಿಂದ ಮುಂದಿನ ರಜೆಯಲ್ಲಿ ಮಕ್ಕಳೊಡನೆ ಹೊರಡಿರಿ. ನೋಡುವುದನ್ನೂ ಕಾಯುವುದನ್ನೂ ಅವರಿಗೆ ಒಟ್ಟಿಗೇ ಕಲಿಸಿರಿ.