ಹಳೆಯ ರೇಡಿಯೋ ಕಾರಿಗೆ ಹೊಸ ನರಮಂಡಲ

ದೂರನಿಯಂತ್ರಣದ ಕಾರು ಎಂದ ಕೂಡಲೇ ನಮ್ಮಲ್ಲಿ ಅನೇಕರ ಕಣ್ಣೆದುರಿಗೆ ಬರುವುದು, ಅಂಗಡಿಬೀದಿಯಲ್ಲಿ ಮಗುವಿನ ಹಟಕ್ಕೆ ಕೊಂಡು ತಂದು, ಎರಡು ವಾರ ಓಡಿ, ಮೂರನೆಯ ವಾರ ಅಟ್ಟ ಸೇರುವ ಒಂದು ಆಟಿಕೆ. ಇಂದು ನಾನು ಹೇಳಹೊರಟಿರುವುದು ಅದರ ಹಿರಿಯಣ್ಣನ ವಿಷಯ. ಬಿಡಿಭಾಗಗಳ ಪೆಟ್ಟಿಗೆಯಾಗಿ ಬಂದು, ಕೊಂಡವನ ಕೈಯಿಂದಲೇ ಸ್ಕ್ರೂ ಸ್ಕ್ರೂವಾಗಿ ಜೋಡಣೆಗೊಂಡು, ಕೆಟ್ಟರೆ ಮತ್ತೆ ಬಿಚ್ಚಿ ಸರಿಪಡಿಸಬಹುದಾದ ಯಂತ್ರ ಅದು. ನಲವತ್ತು ವರ್ಷಗಳ ಬಳಿಕವೂ ಅದನ್ನು ಓಡಿಸಲು ಸಾಧ್ಯ. ಆದರೆ ಅದರೊಳಗಿನ ಎಲೆಕ್ಟ್ರಾನಿಕ್ಸ್ ಮಾತ್ರ ಅಷ್ಟು ದೀರ್ಘಾಯುಷಿಯಲ್ಲ.

ಜಪಾನಿನ ಷಿಜುವೋಕಾ ನಗರದ ತಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿ, ಮರದ ಮಾದರಿಗಳಿಗೆ ಬಂದು, ಅಲ್ಲಿಂದ ಪ್ಲಾಸ್ಟಿಕ್ ಮಾದರಿಗಳಿಗೆ ಹೊರಳಿದ ಸಂಸ್ಥೆ. 1976ರಲ್ಲಿ ಅದು ಪೋರ್ಷೆ 934 ಕಾರಿನ ಹನ್ನೆರಡನೆಯ ಒಂದು ಅಳತೆಯ ರೇಡಿಯೋ ಮಾದರಿಯನ್ನು ಹೊರತಂದಿತು. 1984ರಲ್ಲಿ ಬಂದ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್, ಅಂದರೆ ಮಿಡತೆ ಮತ್ತು ಕಣಜ, ಹತ್ತನೆಯ ಒಂದು ಅಳತೆಯ ಮಣ್ಣುದಾರಿಯ ಬಂಡಿಗಳು. ಮಿಡತೆಗೆ 380 ಜಾತಿಯ ಚಿಕ್ಕ ಮೋಟಾರು, ಕಣಜಕ್ಕೆ 540 ಜಾತಿಯ ದೊಡ್ಡ ಮೋಟಾರು. ಬೆಲೆ ಇತರ ಮಾದರಿಗಳಿಗಿಂತ ಕಡಿಮೆಯಿದ್ದುದರಿಂದ ಜಪಾನ್, ಅಮೆರಿಕ, ಇಂಗ್ಲೆಂಡುಗಳಲ್ಲಿ ಅನೇಕ ಹುಡುಗರ ಮೊದಲ ಕಾರು ಇವೆರಡರಲ್ಲೊಂದು.

ನಮ್ಮ ಕರಾವಳಿಗೂ ಇವು ಅಲ್ಲೊಂದು ಇಲ್ಲೊಂದು ಬಂದದ್ದುಂಟು. ಕೊಲ್ಲಿ ದೇಶಗಳಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ. ಮಂಗಳೂರಿನ ಕಡೆಯ ಮನೆಯೊಂದರಿಂದ ನನ್ನಲ್ಲಿಗೆ ಬಂದ ಕಣಜ ಅಂಥದ್ದು. ಬಹ್ರೇನಿನಲ್ಲಿ ದುಡಿಯುತ್ತಿದ್ದ ತಂದೆ ತಂದುಕೊಟ್ಟದ್ದು. ಈಗ ಆ ತಂದೆಗೆ ಎಂಬತ್ತರ ಸಮೀಪ, ದೃಷ್ಟಿ ಮಂದವಾಗುತ್ತಿದೆ. ಪೂರ್ತಿ ಮಂದವಾಗುವ ಮೊದಲು ಅದು ಅಂಗಳದಲ್ಲಿ ಓಡಬೇಕು, ಅದೂ ಅವರು ಹಿಡಿದು ಕಲಿಸಿದ ಅದೇ ಟ್ರಾನ್ಸ್‌ಮಿಟರಿನಿಂದ ಓಡಬೇಕು ಎಂಬುದು ಮಗಳ ಬೇಡಿಕೆ. ಈ ಎರಡನೆಯ ಷರತ್ತೇ ಕೆಲಸವನ್ನು ಕಠಿಣ ಮಾಡಿತು.

ಯಂತ್ರಭಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಅದೃಷ್ಟ ನಮ್ಮ ಕಡೆಗಿದೆ. ತಮಿಯಾ ಹಾರ್ನೆಟ್ಟನ್ನು 2004ರಲ್ಲಿ ಮರಳಿ ತಯಾರಿಸಿತು. ಟೈರು, ಹೊರಮೈ, ಗೇರು ಮುಂತಾದವನ್ನು ಆ ಮರುಆವೃತ್ತಿಯಿಂದ ಪಡೆದು ಹಳೆಯದಕ್ಕೆ ಹೊಂದಿಸಬಹುದು. ಒಣಗಿ ಗಡುಸಾದ ನೈಲಾನ್ ಭಾಗಗಳನ್ನು ಬಿಸಿನೀರಿನಲ್ಲಿ ಕೆಲವು ಗಂಟೆ ಇಟ್ಟರೆ ನೀರನ್ನು ಹೀರಿ ಮತ್ತೆ ಬಳುಕುತ್ತವೆ. ಪಾರದರ್ಶಕ ಪಾಲಿಕಾರ್ಬೊನೇಟ್ ಹೊರಮೈಗೆ ಅಸಿಟೋನ್ ಸೋಕಿಸಬಾರದು. ಸೂಕ್ಷ್ಮ ಬಿರುಕುಗಳು ಹರಡಿ ಕೆಲಸ ಕೆಡುತ್ತದೆ. ಇನ್ನು ಸ್ಕ್ರೂ. ನಮ್ಮ ಸಾಮಾನ್ಯ ನಕ್ಷತ್ರಮುಖದ ಸ್ಕ್ರೂಡ್ರೈವರು ಫಿಲಿಪ್ಸ್ ಮಾದರಿಯದು, ಜಪಾನಿನ ಸ್ಕ್ರೂಗಳ ತಲೆ ಅವರದೇ ಜೆಐಎಸ್ ಮಾದರಿಯದು. ನೋಡಲು ಒಂದೇ, ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ. ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದನ್ನು ಮೊದಲೇ ಕೊಂಡುಕೊಳ್ಳಿ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ನೆಮ್ಮದಿ ಕೊಡುವ ಖರ್ಚು ಇನ್ನೊಂದಿಲ್ಲ.

ಈಗ ನರಮಂಡಲಕ್ಕೆ ಬರೋಣ. ಹಳೆಯ ಕಾರಿನಲ್ಲಿ ರೇಡಿಯೋ ಸಂಬಂಧದ ವಸ್ತುಗಳು ನಾಲ್ಕು. ಕೈಯಲ್ಲಿ ಹಿಡಿಯುವ ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್. ಕಾರಿನಲ್ಲಿರುವ ಗ್ರಾಹಕ, ಅಂದರೆ ರಿಸೀವರ್. ಮುಂದಿನ ಚಕ್ರ ತಿರುಗಿಸುವ ಸರ್ವೋ ಒಂದು, ವೇಗ ಬದಲಿಸುವ ಸರ್ವೋ ಇನ್ನೊಂದು. ಅಂಗಡಿಯ ಅಗ್ಗದ ಆಟಿಕೆಯಲ್ಲಿ ಇವೆಲ್ಲವೂ ಒಂದೇ ಹಲಗೆಯ ಮೇಲೆ ಬೆಸೆದಿರುತ್ತವೆ. ಒಂದು ಹೋದರೆ ಎಲ್ಲವೂ ಹೋದಂತೆ. ಇಲ್ಲಿ ಬೇರೆ ಬೇರೆಯಾಗಿರುವುದೇ ನಮಗೆ ವರ.

ವೇಗ ಬದಲಿಸುವ ವಿಧಾನ ಆಗ ಪೂರ್ತಿ ಯಾಂತ್ರಿಕ. ಸರ್ವೋದ ತೋಳು ಒಂದು ಕಡ್ಡಿಯನ್ನು ಎಳೆಯುತ್ತದೆ. ಕಡ್ಡಿ ತಾಮ್ರದ ಸಂಪರ್ಕಗಳ ಮೇಲೆ ಒಂದು ಜಾರುಪಟ್ಟಿಯನ್ನು ಸರಿಸುತ್ತದೆ. ಮೊದಲ ಮೆಟ್ಟಿಲುಗಳಲ್ಲಿ ವಿದ್ಯುತ್ತು ಬಿಳಿ ಪಿಂಗಾಣಿಯ ರೆಸಿಸ್ಟರಿನ ಮೂಲಕ ಹಾದು ಬಹುಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಬ್ಯಾಟರಿ ನೇರವಾಗಿ ಮೋಟಾರಿಗೆ. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಸಂಪರ್ಕಗಳು ಹಸಿರುಗಟ್ಟುತ್ತವೆ. ನಯವಾದ ಉಜ್ಜುಕಾಗದ, ಐಸೊಪ್ರೊಪೈಲ್ ಆಲ್ಕೊಹಾಲ್, ಸ್ವಲ್ಪ ತಾಳ್ಮೆ ಇದ್ದರೆ ಮತ್ತೆ ಹೊಳೆಯುತ್ತವೆ. ಬ್ಯಾಟರಿ ಸೋರಿ ಬಿಳಿಪುಡಿ ಕಟ್ಟಿದ್ದಲ್ಲಿ ಅದು ಕ್ಷಾರ. ಹತ್ತಿಯಲ್ಲಿ ಎರಡು ಹನಿ ವಿನಿಗರ್ ಸವರಿ ಅನಂತರ ಆಲ್ಕೊಹಾಲಿನಿಂದ ಒರೆಸಬೇಕು.

ರೇಡಿಯೋ ತರಂಗದ ಮಾತು. ಆ ಕಾಲದ ಅನೇಕ ಕಾರುಗಳು 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುತ್ತಿದ್ದವು. ಯಾರ ಕಾರು ಯಾವ ಚಾನೆಲ್ ಎಂದು ನಿರ್ಧರಿಸುತ್ತಿದ್ದುದು ಒಂದು ಜೋಡಿ ಸ್ಫಟಿಕ, ಅಂದರೆ ಕ್ರಿಸ್ಟಲ್. ಬಣ್ಣದಿಂದ ಗುರುತು: 26.995 ಕಂದು, 27.045 ಕೆಂಪು, 27.095 ಕಿತ್ತಳೆ, 27.145 ಹಳದಿ, 27.195 ಹಸಿರು, 27.255 ನೀಲಿ. ಮೈದಾನದಲ್ಲಿ ಇಬ್ಬರ ಬಣ್ಣ ಒಂದೇ ಆದರೆ ಒಬ್ಬರು ಕಾಯಬೇಕಾಗಿತ್ತು. ಗ್ರಾಹಕದ ಸ್ಫಟಿಕ ಪ್ರೇಷಕದ್ದಕ್ಕಿಂತ 455 ಕಿಲೋಹರ್ಟ್ಸ್ ಕಡಿಮೆ ಆವೃತ್ತಿಯದು. ಆದುದರಿಂದ ಇವೆರಡನ್ನು ಅದಲುಬದಲು ಮಾಡಿದರೆ ಕಾರು ಮೂಕ. ಹಳೆಯ ರೇಡಿಯೋ ಸತ್ತಿದೆ ಎಂದು ಎಸೆಯುವ ಮೊದಲು ಇದನ್ನೊಮ್ಮೆ ಪರೀಕ್ಷಿಸಿ.

ನಿಜವಾಗಿಯೂ ಸತ್ತಿದ್ದರೆ? ಇಲ್ಲೊಂದು ಸಂತೋಷದ ಸಂಗತಿ ಇದೆ. ಗಾಳಿಯಲ್ಲಿ ಹೋಗುವ ಸಂಕೇತ ಬದಲಾಗಿದೆ, ಆದರೆ ಗ್ರಾಹಕದಿಂದ ಸರ್ವೋಗೆ ತಂತಿಯಲ್ಲಿ ಹೋಗುವ ಸಂಕೇತ ಬದಲಾಗಿಲ್ಲ. ಸೆಕೆಂಡಿಗೆ ಸುಮಾರು 50 ಬಾರಿ ಒಂದು ಪುಟ್ಟ ಮಿಡಿತ. ಅದರ ಅಗಲ 1.5 ಮಿಲಿಸೆಕೆಂಡ್ ಇದ್ದರೆ ಸರ್ವೋ ನಡುವೆ ನಿಲ್ಲುತ್ತದೆ, 1 ಕ್ಕೆ ಇಳಿದರೆ ಒಂದು ಕಡೆಗೆ, 2 ಕ್ಕೆ ಏರಿದರೆ ಇನ್ನೊಂದು ಕಡೆಗೆ ಹೊರಳುತ್ತದೆ. ಆದ್ದರಿಂದ 1984ರ ಸರ್ವೋ ಇಂದಿನ 2.4 ಗಿಗಾಹರ್ಟ್ಸ್ ಗ್ರಾಹಕದ ಮಾತನ್ನು ಚೆನ್ನಾಗಿ ಕೇಳುತ್ತದೆ. ಈ ಹೊಸ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ನಮ್ಮ ದೇಶದಲ್ಲಿ 2005ರ ನಿಯಮದಂತೆ ಪರವಾನಗಿ ಬೇಕಿಲ್ಲ. ಸ್ಫಟಿಕದ ಗೊಡವೆಯೂ ಇಲ್ಲ.

ಆದರೆ ಅವಸರ ಬೇಡ, ಎರಡು ಬಲೆಗಳಿವೆ. ಮೊದಲನೆಯದು ಪ್ಲಗ್ಗು. ಇಂದಿನ ಪದ್ಧತಿಯಲ್ಲಿ ಮೂರು ತಂತಿಗಳ ನಡುವಿನದು ಧನ. ಹಳೆಯ ಕೆಲವು ಕಂಪನಿಗಳ ಕ್ರಮ ಬೇರೆ. ಪ್ಲಗ್ಗು ಸಲೀಸಾಗಿ ಕೂತಿತೆಂದು ನಂಬಬಾರದು. ಸರ್ವೋ ಬಿಚ್ಚಿ ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ಕಂಡು ಬಳಿಕ ಜೋಡಿಸಬೇಕು.

ಎರಡನೆಯದು ಹೆಚ್ಚು ಅಪಾಯದ್ದು, ಅನೇಕರು ಬೀಳುವುದೂ ಇದರಲ್ಲೇ. 1980ರ ದಶಕದ ಅನೇಕ ಗ್ರಾಹಕಗಳಿಗೆ ಕಾರಿನ 7.2 ವೋಲ್ಟ್ ಬ್ಯಾಟರಿಯಿಂದಲೇ ನೇರ ಸಂಪರ್ಕವಿತ್ತು; ವೋಲ್ಟೇಜನ್ನು ತಗ್ಗಿಸುವ ಏರ್ಪಾಡು ಗ್ರಾಹಕದ ಹೊಟ್ಟೆಯಲ್ಲೇ ಇತ್ತು. ಇಂದಿನ ಅನೇಕ ಗ್ರಾಹಕಗಳಲ್ಲಿ ಅದು ಇಲ್ಲ. ಇನ್ನು ಕೆಲವು ಗ್ರಾಹಕಗಳು ತಾಳಿಕೊಂಡರೂ ಬಂದ ವೋಲ್ಟೇಜನ್ನು ಹಾಗೆಯೇ ಸರ್ವೋಗೆ ದಾಟಿಸುತ್ತವೆ. ಆರು ಕೋಶಗಳ ಬ್ಯಾಟರಿ ಹೆಸರಿಗೆ 7.2 ವೋಲ್ಟ್, ಚಾರ್ಜರಿನಿಂದ ತೆಗೆದ ಗಳಿಗೆಯಲ್ಲಿ 8.5ರ ಸಮೀಪ. 4.8ರಿಂದ 6 ವೋಲ್ಟಿಗೆಂದು ಮಾಡಿದ ಹಳೆಯ ಸರ್ವೋ ಅದನ್ನು ಹೇಗೆ ತಡೆದೀತು? ಹಳೆಯ ಯಾಂತ್ರಿಕ ವೇಗನಿಯಂತ್ರಕವನ್ನು ಉಳಿಸಿಕೊಳ್ಳುವುದಾದರೆ ಬ್ಯಾಟರಿಗೂ ಗ್ರಾಹಕಕ್ಕೂ ನಡುವೆ ಯುಬಿಇಸಿ ಎಂಬ 5 ವೋಲ್ಟಿನ ಪುಟ್ಟ ನಿಯಂತ್ರಕವನ್ನು ಹಾಕಲೇಬೇಕು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ನಾವೆಲ್ಲ ಎಸ್.ಪಿ. ರೋಡ್ ಎನ್ನುವ ಆ ಇಕ್ಕಟ್ಟಿನ ಬೀದಿಯಲ್ಲಿ, ಇದು ಸಿಗುತ್ತದೆ. ಡ್ರೋನ್, ರೋಬಾಟ್ ಕಟ್ಟುವ ಕಾಲೇಜು ಹುಡುಗರಿಂದಾಗಿ ನಮ್ಮಂಥ ಹಳಬರಿಗೂ ಅನುಕೂಲವಾಗಿದೆ. ಅಲ್ಲಿ ಗ್ರಾಹಕ ಕೊಳ್ಳುವಾಗ ಮಾತ್ರ ಎಚ್ಚರ: ಡ್ರೋನಿನ ಕೆಲವು ಗ್ರಾಹಕಗಳು ಎಲ್ಲ ಚಾನೆಲ್‌ಗಳನ್ನೂ ಒಂದೇ ತಂತಿಯಲ್ಲಿ ಅಂಕಿಗಳಾಗಿ ಕಳಿಸುತ್ತವೆ, ಅದು ಸರ್ವೋಗೆ ಅರ್ಥವಾಗದ ಭಾಷೆ. ಪಿಡಬ್ಲ್ಯೂಎಂ ಹೊರದಾರಿ ಪ್ರತ್ಯೇಕವಾಗಿ ಇರುವುದನ್ನೇ ಕೇಳಿ. ಹೋದವರು ಮೋಟಾರಿಗಾಗಿ ಮೂರು 0.1 ಮೈಕ್ರೋಫ್ಯಾರಡ್ ಪಿಂಗಾಣಿ ಕೆಪಾಸಿಟರ್‌ಗಳನ್ನೂ ತನ್ನಿ. ಎರಡು ಕೊನೆಗಳ ನಡುವೆ ಒಂದು, ಪ್ರತಿ ಕೊನೆಯಿಂದ ಮೋಟಾರಿನ ಲೋಹದ ಮೈಗೆ ಒಂದೊಂದು. ಕುಂಚಗಳ ಕಿಡಿಯಿಂದ ಹುಟ್ಟುವ ಗದ್ದಲ ಅಡಗುತ್ತದೆ.

ಯಾಂತ್ರಿಕ ನಿಯಂತ್ರಕವನ್ನೇ ಉಳಿಸಬೇಕೆ, ಎಲೆಕ್ಟ್ರಾನಿಕ್ ನಿಯಂತ್ರಕ ಹಾಕಬೇಕೆ? ಸಂಗ್ರಾಹಕರು ಮೊದಲನೆಯದನ್ನೇ ಹೇಳುತ್ತಾರೆ. ಓಡಿಸುವ ಕಾರಿಗೆ ನನ್ನ ಮತ ಎರಡನೆಯದು. ಜಾರುಪಟ್ಟಿ ಪೂರ್ಣವೇಗದಲ್ಲಿರುವಾಗ ಗ್ರಾಹಕಕ್ಕೆ ವಿದ್ಯುತ್ತು ತಪ್ಪಿತೆನ್ನಿ. ಅದನ್ನು ಹಿಂದಕ್ಕೆ ಎಳೆಯುವವರಿಲ್ಲ. ಕಾರು ಗೋಡೆಗೋ ಮಗುವಿನ ಕಾಲಿಗೋ ಬಡಿಯುವವರೆಗೆ ಓಡುತ್ತದೆ. ಕುಂಚದ ಮೋಟಾರಿನ ಎಲೆಕ್ಟ್ರಾನಿಕ್ ನಿಯಂತ್ರಕ ಸಂಕೇತ ಸಿಗದಿದ್ದರೆ ಮೋಟಾರನ್ನು ನಿಲ್ಲಿಸುತ್ತದೆ. ಅದರೊಳಗೇ ಗ್ರಾಹಕಕ್ಕೆ ಬೇಕಾದ ತಗ್ಗಿದ ವೋಲ್ಟೇಜೂ ಇರುವುದರಿಂದ ಬೇರೆ ಯುಬಿಇಸಿ ಬೇಡ. ತೆಗೆದಿಟ್ಟ ಹಳೆಯ ಭಾಗವನ್ನು ಎಸೆಯಬೇಡಿ. ಕಾಗದದಲ್ಲಿ ಸುತ್ತಿ ಹೆಸರು ಬರೆದು ಪೆಟ್ಟಿಗೆಯಲ್ಲೇ ಇಡಿ.

ಬ್ಯಾಟರಿಗೆ ನಿಕೆಲ್ ಮೆಟಲ್ ಹೈಡ್ರೈಡ್ ಸಾಕು. ಲಿಥಿಯಂ ಪಾಲಿಮರ್ ಕೋಶ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ಆಮೇಲೆ ಚಾರ್ಜು ಮಾಡುವಾಗ ಉಬ್ಬಿ ಬೆಂಕಿ ಹತ್ತುವುದೂ ಉಂಟು. ಯಾಂತ್ರಿಕ ನಿಯಂತ್ರಕಕ್ಕೆ ಅದನ್ನು ತಡೆಯುವ ಬುದ್ಧಿ ಇಲ್ಲ. ಹಳೆಯ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬಾರದು, ಕ್ಯಾಡ್ಮಿಯಂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದು ಸಂಗ್ರಹ ಕೇಂದ್ರಕ್ಕೆ ಹೋಗಬೇಕು.

ಇನ್ನು ಆ ಮನೆಯವರ ಟ್ರಾನ್ಸ್‌ಮಿಟರ್. ಸೋರಿದ ಬ್ಯಾಟರಿಯಿಂದ ಅದರ ಹಲಗೆಯ ತಾಮ್ರದ ಗೆರೆಗಳೇ ಕರಗಿಹೋಗಿದ್ದವು. ಆದರೆ ಎರಡು ಕಡ್ಡಿಗಳ ಕೆಳಗಿನ ಪೊಟೆನ್ಷಿಯೋಮೀಟರ್‌ಗಳು ಚೆನ್ನಾಗಿದ್ದವು. ಕಡ್ಡಿ ಎಷ್ಟು ವಾಲಿದೆ ಎಂದು ತಿಳಿಸುವುದು ಇವುಗಳ ಕೆಲಸ. ಹೊಸ ಟ್ರಾನ್ಸ್‌ಮಿಟರಿನಲ್ಲೂ ಇಂಥವೇ ಇರುತ್ತವೆ. ಅಗ್ಗದ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಒಂದನ್ನು ಬಿಚ್ಚಿ, ಅದರ ಹಲಗೆಯನ್ನು ಹಳೆಯ ಪೆಟ್ಟಿಗೆಯೊಳಗೆ ಕೂರಿಸಿ, ಹಳೆಯ ಪೊಟೆನ್ಷಿಯೋಮೀಟರ್‌ಗಳ ಮೂರು ಮೂರು ತಂತಿಗಳನ್ನು ಅದಕ್ಕೆ ಬೆಸೆಯಬಹುದು. ಎರಡರ ಓಮ್ ಬೆಲೆ ಹತ್ತಿರವಿರಬೇಕು, ಮೊದಲೇ ಅಳೆದು ನೋಡಿ. ಬ್ಯಾಟರಿಯ ವೋಲ್ಟೇಜನ್ನೂ ಹೊಸ ಹಲಗೆಗೆ ತಕ್ಕಂತೆ ಹೊಂದಿಸಬೇಕು. 27 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 11 ಮೀಟರು, ಅದಕ್ಕೇ ಆ ನೀಳ ಆಂಟೆನಾ. ಹೊಸ ತರಂಗ 12.5 ಸೆಂಟಿಮೀಟರು, ಅದರ ಕಾಲುಭಾಗ, 3 ಸೆಂಟಿಮೀಟರು ಚಿಲ್ಲರೆ, ಸಾಕು. ಈ ತುಂಡನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಲೋಹದಿಂದ ದೂರವಿಟ್ಟು, ಹಳೆಯ ಲೋಹದ ಆಂಟೆನಾವನ್ನು ಕೇವಲ ನೋಟಕ್ಕೆ ಉಳಿಸಿದ್ದಾಯಿತು. ಕೈಗೆ ಸಿಗುವ ಕಡ್ಡಿಗಳು, ಅವುಗಳ ಸ್ಪ್ರಿಂಗಿನ ಬಿಗುವು, ಎಲ್ಲವೂ ಮೊದಲಿನದೇ. ಕಣ್ಣು ಮಂದವಾದವರಿಗೆ ಅದೇ ಮುಖ್ಯ.

ಎಲ್ಲ ಜೋಡಿಸಿದ ಮೇಲೆ ಕಾರನ್ನು ನೆಲಕ್ಕೆ ಬಿಡುವ ಮುನ್ನ ಒಂದು ಪುಸ್ತಕದ ಮೇಲೆ ಹೊಟ್ಟೆ ಊರಿಸಿ, ಚಕ್ರಗಳು ಗಾಳಿಯಲ್ಲಿರುವಂತೆ ಇಡಿ. ಮೊದಲು ಟ್ರಾನ್ಸ್‌ಮಿಟರ್ ಚಾಲೂ ಮಾಡಿ, ಅನಂತರ ಕಾರು. ಎಡಬಲ ಸರಿಯೇ, ಹಿಂದುಮುಂದು ಸರಿಯೇ ನೋಡಿ. ಚಕ್ರ ನಿಧಾನವಾಗಿ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರನ್ನು ಆರಿಸಿ; ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಗ್ರಾಹಕದ ಫೇಲ್‌ಸೇಫ್ ಹೊಂದಾಣಿಕೆಯನ್ನು ಮತ್ತೆ ಮಾಡಿ, ಅದು ನಿಲ್ಲುವವರೆಗೆ ಕಾರನ್ನು ಅಂಗಳಕ್ಕೆ ಒಯ್ಯಬೇಡಿ. ಆಟ ಮುಗಿದ ಮೇಲೆ ಮೊದಲು ಕಾರನ್ನು ಆರಿಸಿ, ಬ್ಯಾಟರಿ ಕಳಚಿ, ಕೊನೆಗೆ ಟ್ರಾನ್ಸ್‌ಮಿಟರ್ ಆರಿಸಿ. ಅದರ ಬ್ಯಾಟರಿಗಳನ್ನೂ ಹೊರತೆಗೆದಿಡಿ.