ಊರಿನ ಲಾಂಛನದಲ್ಲೊಂದು ಬಲೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲೆಯ ಹಳೆಯ ಲಾಂಛನ ಬಿಟ್ಟು ಹೊಸದನ್ನು ಮಾಡಿಸಬೇಕೆಂಬ ಮಾತು ಸಮಿತಿಯಲ್ಲಿ ನಡೆದಿದೆ. ನನ್ನ ಅಭಿಪ್ರಾಯವನ್ನೂ ಕೇಳಿದರು. ಉತ್ತರವಾಗಿ ಪೋರ್ಚುಗಲ್ಲಿನ ಒಂದು ಸಣ್ಣ ಪಟ್ಟಣದ ಸಂಗತಿ ಹೇಳುತ್ತೇನೆ.

ಲಿಸ್ಬನ್ನಿನ ಉತ್ತರಕ್ಕೆ ಕಾಲ್ದಾಸ್ ದ ರಾಯಿನ್ಯ ಎಂಬ ಊರಿದೆ. ಹಾಗೆಂದರೆ ರಾಣಿಯ ಬಿಸಿನೀರ ಬುಗ್ಗೆ. ಗಂಧಕದ ವಾಸನೆಯ ಆ ನೀರಿನಲ್ಲಿ ಬಡ ರೋಗಿಗಳು ಮೀಯುವುದನ್ನು ಕಂಡ ಲಿಯೊನೋರ್ ರಾಣಿ 1485ರಲ್ಲಿ ಅಲ್ಲಿ ಆಸ್ಪತ್ರೆಗೆ ಅಡಿಪಾಯ ಹಾಕಿಸಿದಳಂತೆ. ಅದರ ಸುತ್ತ ಊರು ಬೆಳೆಯಿತು. ಈ ರಾಣಿಯ ತಮ್ಮ ಮ್ಯಾನುಯೆಲ್ ಮುಂದೆ ರಾಜನಾದ. ವಾಸ್ಕೋ ಡ ಗಾಮನನ್ನು ನಮ್ಮ ಕಡಲಿಗೆ ಕಳಿಸಿದವನು ಅವನೇ.

1491ರಲ್ಲಿ ರಾಣಿಯ ಒಬ್ಬನೇ ಮಗ ಅಫೋನ್ಸೊ, 16 ವರ್ಷದವನು, ತೇಜೊ ನದಿಯ ದಡದಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ಅವನನ್ನು ಬೆಸ್ತರು ತಮ್ಮ ಬಲೆಯಲ್ಲಿ ಹೊತ್ತು ತಂದರೆಂದು ಅಲ್ಲಿಯವರು ಹೇಳುತ್ತಾರೆ. ಆಮೇಲೆ ರಾಣಿ ಸಿಗಡಿ ಹಿಡಿಯುವ ಬಲೆಯನ್ನೇ ತನ್ನ ಗುರುತಾಗಿ ಇಟ್ಟುಕೊಂಡಳು. ಇಂದಿಗೂ ಆ ಊರಿನ ಲಾಂಛನದಲ್ಲಿ ನಡುವೆ ಗುರಾಣಿ, ಒಂದು ಬದಿಗೆ ಆ ಬಲೆ, ಇನ್ನೊಂದು ಬದಿಗೆ ರಾಜನ ಗುರುತಾದ ಹೆಜ್ಜಾರ್ಲೆ ಹಕ್ಕಿ. ಅದು ತನ್ನ ಎದೆ ಕುಕ್ಕಿ ಮರಿಗಳಿಗೆ ರಕ್ತ ಉಣಿಸುತ್ತಿದೆ.

1930ರಲ್ಲಿ ಅಲ್ಲಿನ ಸರ್ಕಾರ ಎಲ್ಲ ಊರುಗಳ ಲಾಂಛನಕ್ಕೂ ನಿಯಮ ಮಾಡಿತು. ನಗರವಾದರೆ ಕಿರೀಟಕ್ಕೆ 5 ಬುರುಜು, ಬಾವುಟಕ್ಕೆ 8 ಪಾಲು; ಪಟ್ಟಣವಾದರೆ 4 ಬುರುಜು. ಬಹುಪಾಲು ಊರುಗಳು ಬದಲಾಯಿಸಿಕೊಂಡವು. ಕಾಲ್ದಾಸ್ ಊರು ತನ್ನ ಹಳೆಯದನ್ನೇ ಉಳಿಸಿಕೊಂಡಿತು.

ಈಗ ನಮ್ಮ ಬ್ಯಾಡ್ಜು ನೋಡಿ. ದೀಪದ ಕೆಳಗೊಂದು ಗಾಡಿಯ ಚಕ್ರವಿದೆ. ನಿನ್ನೆ ಒಬ್ಬ ಹುಡುಗನನ್ನು ಕೇಳಿದೆ. "ಗಡಿಯಾರ ಅಲ್ವಾ ಸಾರ್?" ಅಂದ. ತಪ್ಪು ಅವನದಲ್ಲ, ನಾವು ಹೇಳಿಕೊಡಲಿಲ್ಲ. ಈ ಕಟ್ಟಡದ ಕಲ್ಲನ್ನು ಊರವರು ಸುಗ್ಗಿ ಮುಗಿಸಿ ತಮ್ಮ ಎತ್ತಿನ ಗಾಡಿಗಳಲ್ಲಿ ಬಾಡಿಗೆಯಿಲ್ಲದೆ ತಂದು ಹಾಕಿದರು. ಅದನ್ನು ಕಣ್ಣಾರೆ ಕಂಡ ನಮ್ಮ ಡ್ರಾಯಿಂಗ್ ಮೇಷ್ಟ್ರು ಆ ಚಕ್ರ ಬರೆದರು. ಬಾಗಿಲ ಬಳಿಯ ಶಿಲಾಫಲಕದಲ್ಲಿ ಉದ್ಘಾಟನೆ ಮಾಡಿದವರ ಹೆಸರಿದೆ. ಗಾಡಿ ಹೊಡೆದವರ ಹೆಸರು ಎಲ್ಲೂ ಇಲ್ಲ. ಅವರಿಗಿರುವುದು ಆ ಚಕ್ರ ಒಂದೇ. ಅವರಲ್ಲಿ ಕೆಲವರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಬಣ್ಣ ಬದಲಾಗಲಿ, ಅಕ್ಷರ ಚೆಂದವಾಗಲಿ. ಚಕ್ರ ಮಾತ್ರ ಇರಲಿ. ಪ್ರತಿ ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಅದರ ಕಥೆ ಹೇಳಿ. ಹೇಳುವವರಿಲ್ಲದಿದ್ದರೆ ರಾಣಿಯ ಬಲೆಯೂ ಬರೀ ಗೆರೆ, ನಮ್ಮ ಚಕ್ರವೂ ಬರೀ ಗಡಿಯಾರ.