ಗೊಂಬೆಯ ಕೈಗೆ ಯಾವ ಕಡ್ಡಿ?

(ಚಚಡಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ಸಲ ನಮ್ಮ ಗೊಂಬೆಯಾಟದಾಗ ಏನಾತು, ನಿಮಗೆ ನೆನಪೈತಿ. ಗೊಂಬೆ ಗಂಗವ್ವ ಬ್ಯಾಂಕಿಗೆ ಬಂದಳು. ಹೆಬ್ಬಟ್ಟು ಒತ್ತೂದಿಲ್ಲ, ಸಹಿ ಮಾಡ್ತೀನಿ ಅಂದಳು. ಪೆನ್ನು ಎತ್ತಿದಳು. ಕೈ ಜೋತು ಬಿತ್ತು! ಮಂದಿ ನಕ್ಕರು. ಹಿಂದೆ ಕುಂತಿದ್ದ ಒಬ್ಬ ತಾಯಿ ನಗಲಿಲ್ಲ. ಅವರು ಅದೇ ವಾರ ಸಹಿ ಕಲಿತಿದ್ದರು. ಎದ್ದು ಮನೆಗೆ ಹೋದರು. ಎರಡು ದಿನ ಕೇಂದ್ರಕ್ಕೆ ಬರಲಿಲ್ಲ.

ತಪ್ಪು ಗಂಗವ್ವನದಲ್ಲ, ನನ್ನದು. ಆಕೆಯ ಕೈಗೆ ನಾನು ಕಬ್ಬಿಣ ಬಿಗಿಯುವ ಮೆತ್ತನ್ನ ತಂತಿ ಹಾಕಿದ್ದೆ. ಆ ತಂತಿ ಇರೂದು ಗಂಟು ಹಾಕಲಿಕ್ಕೆ. ಬಾಗುವುದೇ ಅದರ ಗುಣ.

ಹಾಗಾದರೆ ಯಾವ ಕಡ್ಡಿ ಬೇಕು? ಗೊಂಬೆ ಆಡಿಸುವವರನ್ನೇ ನೋಡೋಣ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರದು ತೊಗಲುಗೊಂಬೆ. ತೊಗಲು ಹಗುರ. ಅದಕ್ಕೆ ಬಿದಿರಿನ ಸೀಳು ಸಾಕು. ದಕ್ಷಿಣ ಕರ್ನಾಟಕದ ಸೂತ್ರ-ಸಲಾಕೆ ಗೊಂಬೆ ಮರದ್ದು, ಭಾರ. ಅದರ ಕೈಗೆ ಕಬ್ಬಿಣದ ಸಲಾಕೆ. ದೂರದ ಜಾವಾ ದ್ವೀಪದಾಗ ತೊಗಲುಗೊಂಬೆಗೆ ಕೋಣದ ಕೊಂಬಿನ ಕಡ್ಡಿ ಮಾಡ್ತಾರ. ಕೈ ಎಷ್ಟು ಭಾರ, ಊರಾಗ ಏನು ಸಿಗತೈತಿ, ಈ ಎರಡು ನೋಡಬೇಕು.

ನಮ್ಮ ಹೊಲದಾಗ ಜೋಳದ ದಂಟು ಐತಿ. ಹಗುರ, ಆದರೆ ಲಟಕ್ಕನೆ ಮುರಿಯತೈತಿ. ಹತ್ತಿ ಕಟಗಿ ಗಟ್ಟಿ, ಆದರೆ ಸೊಟ್ಟ. ಬಿದಿರು ಒಳ್ಳೇದು. ಹಸಿ ಬಿದಿರು ಬ್ಯಾಡ, ಒಣಗುವಾಗ ಡೊಂಕಾಗತೈತಿ. ಬಲಿತು ಒಣಗಿದ್ದು ಬೇಕು. ಸಿಪ್ಪೆಯ ಕಡೆ ಬಲ ಹೆಚ್ಚು, ಅದನ್ನ ಕೆತ್ತಿ ಒಗೀಬ್ಯಾಡ್ರಿ. ಬುಟ್ಟಿ ಹೆಣೆಯುವವರನ್ನ ಕೇಳ್ರಿ, ನನಗಿಂತ ಚೆನ್ನಾಗಿ ಹೇಳ್ತಾರ.

ನನಗೆ ಎಲ್ಲಕ್ಕಿಂತ ಸೇರಿದ್ದು ಹಳೇ ಛತ್ರಿಯ ಕಡ್ಡಿ. ಅಜ್ಜಾರು ಹಿಡಿಯುವ ದೊಡ್ಡ ಕರೀ ಛತ್ರಿ. ಅದರ ಕಡ್ಡಿ ಮುಟ್ಟಿ ನೋಡ್ರಿ. ತೆಳ್ಳನ್ನ ತಗಡನ್ನ ಕಾಲುವೆಯ ಹಾಗೆ ಮಡಚಿರತಾರ. ಅದಕ್ಕೇ ಅದು ಹಗುರ, ಮತ್ತೆ ಬೇಗ ಬಾಗೂದಿಲ್ಲ. ತುದಿಗೆ ಬಟ್ಟೆ ಹೊಲಿದ ತೂತು ಇರತೈತಿ. ಅದೇ ತೂತಿನಾಗ ದಾರ ಹಾಕಿ ಗೊಂಬೆಯ ಮಣಿಕಟ್ಟಿಗೆ ಕಟ್ಟಬಹುದು. ದಾರ ಸ್ವಲ್ಪ ಸಡಿಲ ಇರಲಿ. ಬಿಗಿದರೆ ಕೈ ತಿರುಗೂದಿಲ್ಲ.

ಸಣ್ಣ ಗೊಂಬೆಗೆ ಸೈಕಲ್ ಗಾಲಿಯ ಕಡ್ಡಿ ಆಗತೈತಿ. ಅದು ಸುಮಾರು ಒಂದು ಅಡಿ. ಮೊನೆ ಚುಚ್ಚತೈತಿ, ಮುಂದೆ ಹುಡುಗರು ಕುಂತಿರತಾರ. ಮೊನೆಯನ್ನ ಬಾಗಿಸಿ ಉಂಗುರ ಮಾಡ್ರಿ.

ಬೇಕಾದ್ದಕ್ಕಿಂತ ಉದ್ದ ಇಡಬ್ಯಾಡ್ರಿ. ಅದೇ ಕಡ್ಡಿ, ಅದೇ ಭಾರ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು! ಗಂಗವ್ವನಿಗೆ ಒಂದೂವರೆ ಅಡಿ ಸಾಕಾತು. ಹಿಡಿಯುವ ಕಡೆ ಬಟ್ಟೆ ಸುತ್ತಿರಿ. ಉಳಿದದ್ದಕ್ಕೆ ಪರದೆಯ ಬಣ್ಣ ಬಳಿಯಿರಿ. ಇಲ್ಲದಿದ್ದರೆ ದೀಪಕ್ಕೆ ಹೊಳೆಯತೈತಿ, ಮಂದಿ ಕಡ್ಡಿಯನ್ನೇ ನೋಡ್ತಾರ.

ಆಟದ ಮೊದಲು ಗೊಂಬೆಯ ಕೈ ಎತ್ತಿ ಹಿಡಿದು ಒಂದರಿಂದ ನೂರು ಎಣಿಸಿರಿ. ಕಡ್ಡಿ ಬಾಗಬಾರದು, ನಿಮ್ಮ ರಟ್ಟೆಯೂ ಸೋಲಬಾರದು. ನೂರು ಎಣಿಸಿದ ಅಭ್ಯಾಸ ಬೇರೆ ಆತು!

ಮನೆಯಾಗ ಹರಿದ ಛತ್ರಿ ಇದ್ದರೆ ನಾಳೆ ತರ್ರಿ. ಗಂಗವ್ವನ ಎಡಗೈ ಇನ್ನೂ ಬಾಕಿ ಐತಿ. ಬಲಗೈ ತಯಾರಾಗೇತಿ. ಅವತ್ತು ಎದ್ದು ಹೋದ ತಾಯಿ ನಿನ್ನೆ ಬಂದು ನೂರು ಎಣಿಸಿದರು. ಈ ಸಲ ಸಹಿ ಮಾಡುವಾಗ ಆ ಕಡ್ಡಿ ಹಿಡಿಯುವವರು ಅವರೇ.